ಪಾವಗಡದ ದನಿ ಹುಡುಕಿಕೊಂಡು ಹೋದದ್ದು

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ತುಮಕೂರಿನಲ್ಲಿ ಮಧುಗಿರಿ ಬಸ್ಸು ಹತ್ತಿದೆ. ಎಪ್ಪತ್ತೇಳನೇ ಇಸವಿಯೋ ಎಪ್ಪತ್ತೆಂಟೋ, ಈಗ ನೆನಪಿಲ್ಲ. ಆಷಾಢವಂತೂ ಹೌದು. ಕಿಟಕಿ ಪಕ್ಕ ಕೂತ ಹತ್ತು ನಿಮಿಷಕ್ಕೆ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ನನ್ನ ನೀಟಾದ ಕೂದಲ ಬನ್ ಬಿಚ್ಚಿ ಹಿಂದಿನ ಸೀಟಿನವರ ಮುಖಕ್ಕೆ ಹಾರುತ್ತಿತ್ತು. ಮಡಿಲಲ್ಲಿ ಒಂದು ಟಿಫನ್ ಕ್ಯಾರಿಯರ್, ಒಂದು ನೋಟ್‌ಬುಕ್. ಸೋಮವಾರದೊಳಗೆ ಪಾವಗಡದ ಒಬ್ಬಳ ಕೆಲಸ ಉಳಿಸಬೇಕಿತ್ತು. ಆಕೆಯ ಮುಖವನ್ನು ನಾನು ಆವರೆಗೆ ನೋಡಿಯೇ ಇರಲಿಲ್ಲ.

ನಾನಾಗ ತುಮಕೂರಿನಲ್ಲಿ ಟ್ರಂಕ್ ಬೋರ್ಡಿನ ಸೂಪರ್‌ವೈಸರ್. ಬೇರೆ ಊರಿಗೆ ಫೋನ್ ಮಾಡಬೇಕೆಂದರೆ ನಮ್ಮನ್ನು ಕೇಳಬೇಕಿತ್ತು. ನಾವು ಮಧುಗಿರಿಯ ಆಪರೇಟರನ್ನು ಕೇಳುತ್ತಿದ್ದೆವು, ಆಕೆ ಪಾವಗಡದವಳನ್ನು ಕೇಳುತ್ತಿದ್ದಳು. ಹೀಗೆ ಕೈಯಿಂದ ಕೈಗೆ ಮಾತು ದಾಟಿಸಿ, ತುದಿಗೆ ಬೋರ್ಡಿನ ತೂತಿಗೆ ವೈರಿನ ಬಳ್ಳಿ ಚುಚ್ಚಿ ಕೂಡಿಸುವುದು ನಮ್ಮ ಕೆಲಸ. ಪಾವಗಡದ ಆಪರೇಟರು ನಾಗರತ್ನ. ಆರು ವರ್ಷದಿಂದ ದಿನಾ ಮಾತು. ಆಕೆಯ ದನಿ ಎಷ್ಟು ತೆಳು, ಎಷ್ಟು ಸಿಹಿ ಎಂದರೆ, ಮಲ್ಲಿಗೆ ಮುಡಿದ ಸಣ್ಣ ಹುಡುಗಿಯೊಬ್ಬಳು ನನ್ನ ಕಣ್ಣಮುಂದೆ ಕೂತೇಬಿಟ್ಟಿದ್ದಳು.

ಎರಡು ತಿಂಗಳಿಂದ ಒಂದು ಕಂಪ್ಲೇಂಟು. ಹನ್ನೊಂದರಿಂದ ಒಂದರವರೆಗೆ ಪಾವಗಡ ಸಿಗುವುದಿಲ್ಲ. ಕರೆಯ ಚೀಟಿಗಳ ಮೇಲೆಲ್ಲ 'ನೋ ರಿಪ್ಲೈ'. ನಮ್ಮ ಆಫೀಸರು ಚೀಟಿಗಳ ಕಟ್ಟನ್ನೇ ಮುಂದಿಟ್ಟು, "ನೋಡಿ ಮೇಡಂ, ಆಕೆ ಸೀಟು ಬಿಟ್ಟು ಹೋಗ್ತಾಳೆ. ಸೋಮವಾರ ಎನ್‌ಕ್ವೈರಿ," ಎಂದರು. ನಾಗರತ್ನ ಇನ್ನೂ ಟೆಂಪೊರರಿ. ಖಾಯಂ ಆಗುವ ಕಾಗದ ಅದೇ ತಿಂಗಳು ಬರುವುದಿತ್ತು. ಕಪ್ಪು ಗುರುತು ಬಿದ್ದರೆ ಅದಕ್ಕೆ ಗುಡ್ ಬೈ. ನಾನು ನಾಲ್ಕು ದಿನ ಟೈಮು ಕೇಳಿ ಹೊರಟೆ. "ಲೈನು ಸರಿಯಿದೆ ಅಂತ ಲೈನ್‌ಮನ್ ನಾಲ್ಕು ಸಲ ಬರೆದಿದಾನಲ್ರೀ," ಎಂದು ಆಫೀಸರು ಬೆನ್ನ ಹಿಂದೆ ಕೂಗಿದರು.

ಕೊರಟಗೆರೆಯಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ತಟ್ಟೆ ಇಡ್ಲಿ ಎರಡು, ಕಾಫಿ ಒಂದು. ಕೈ ಒರೆಸಿಕೊಂಡು ಓಡಿಹೋಗಿ ಅಲ್ಲಿನ ಬೋರ್ಡಿನಿಂದ ಮಧುಗಿರಿಗೆ ಒಂದು ರಿಂಗ್ ಕೊಟ್ಟೆ. ಅಲ್ಲಿನ ಆಪರೇಟರು ಸಾವಿತ್ರಿ ಥಟ್ಟನೆ ಸಿಕ್ಕಳು. ಗಂಟೆ ಹೊಡೆದಂಥ ದನಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಇಲ್ಲಿಯವರೆಗೆ ದಾರಿ ಚೊಕ್ಕ. ಕಂಡಕ್ಟರು ಬಾಗಿಲಲ್ಲಿ ನಿಂತು, "ಬನ್ರಮ್ಮಾ, ಫೋನ್‌ನಾಗೇ ಮಧುಗಿರಿಗೆ ಹೋಗ್ಬುಡ್ತೀರಾ, ಇಲ್ಲಾ ಬಸ್ನಾಗ್ ಬತ್ತೀರಾ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ.

ಹತ್ತಕ್ಕೆ ಮುಂಚೆ ಮಧುಗಿರಿ. ಆ ಒಂದೇ ಕಲ್ಲಿನ ಬೆಟ್ಟವನ್ನು ಎಷ್ಟು ಸಲ ನೋಡಿದರೂ ನನಗೆ ಮಲಗಿದ ಆನೆ ಈಗ ಎದ್ದೀತು ಅನಿಸುತ್ತದೆ. ಸಾವಿತ್ರಿ ದುಂಡು ಮುಖದವಳು, ಬಾಯಲ್ಲಿ ಸದಾ ಹುರಿಗಡಲೆ. ಆಕೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಹನ್ನೊಂದು ಹೊಡೆದು ಐದು ನಿಮಿಷಕ್ಕೆ ತುಮಕೂರಿನಿಂದ ಪಾವಗಡ ಕೇಳಿ ಒಂದು ಕರೆ. ಸಾವಿತ್ರಿ ಪಾವಗಡದ ಲೈನಿಗೆ ಬಳ್ಳಿ ಚುಚ್ಚಿ, ರಿಂಗ್ ಕೊಡುವ ಹಿಡಿ ತಿರುಗಿಸಿದಳು. ಸತ್ತ ಹಾಗೆ, ಸದ್ದಿಲ್ಲ.

"ನೋಡಿದ್ರಾ ಮಿಸ್?" ಎಂದು, ಬೋರ್ಡಿಗೆ ಅಂಟಿಸಿದ್ದ ಚಾರ್ಟಿನ ಮೇಲೆ ಬೆರಳಿಟ್ಟಳು. ಪಾವಗಡ ನೇರ ಸಿಗದಿದ್ದರೆ ಸಿರಾ ಮೂಲಕ ಕೇಳುವುದು. ಸಿರಾವನ್ನು ಕರೆದು, "ಶಾಹಿದಾ, ಪಾವಗಡ ಕೊಡಮ್ಮ," ಎಂದಳು. "ಹೋಲ್ಡ್ ಆನ್," ಎಂದಿತು ಆ ಕಡೆ. ಸಾವಿತ್ರಿ ತಕ್ಷಣ ಕಿವಿಯಿಂದ ಲೈನು ಬಿಟ್ಟಳು. ಪರರ ಮಾತು ಕೇಳಬಾರದು, ಕೂಡಿಸಿದ ಕೂಡಲೇ ಹೊರಗೆ ಬರಬೇಕು. ಆ ರೂಲನ್ನು ಟ್ರೇನಿಂಗಿನಲ್ಲಿ ತಲೆಗೆ ತುಂಬಿದವಳು ನಾನೇ. ಮರುಕ್ಷಣ ಇನ್ನೊಂದು ಲೈನಿನಿಂದಲೂ ಯಾರೋ ಪಾವಗಡ ಕೇಳಿದರು, ಅವರಿಗೂ 'ಹೋಲ್ಡ್ ಆನ್' ಎಂದಳು. ಐದು ನಿಮಿಷಕ್ಕೆ ತುಮಕೂರಿನವರು ಬೇಸತ್ತು ಫೋನ್ ಇಟ್ಟರು. ಸಾವಿತ್ರಿ ಚೀಟಿಯ ಮೇಲೆ 'ನೋ ರಿಪ್ಲೈ' ಎಂದು ಬರೆದಳು.

"ಪಾವಗಡಕ್ಕೆ ರಿಂಗ್ ಹೋಯ್ತೋ ಇಲ್ವೋ ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಆದ್ರೆ ಸಿಗದಿದ್ದಕ್ಕೆಲ್ಲ ಹಾಗೇ ಬರೆಯೋದು, ಮಿಸ್. ಎಲ್ಲರೂ."

ಲೈನ್‌ಮನ್ ರಂಗಪ್ಪ ಬಾಗಿಲಲ್ಲೇ ನಿಂತಿದ್ದ. ಒಣಕಲು ಆಳು, ದೊಡ್ಡ ಮೀಸೆ. "ನಾಕ್ ದಪ ಹೋಗಿ ನೋಡ್ಬುಟ್ಟಿವ್ನಿ ಕಣಮ್ಮ. ಲೈನು ಬೆಣ್ಣೆ ಇದ್ದಂಗೈತೆ," ಎಂದ.

"ಯಾವ ಹೊತ್ತಿಗೆ ಹೋಗ್ತೀರಿ?"

"ಮಧ್ಯಾಹ್ನದ ಬಸ್ಸಿಗೆ. ಉಂಡ್ಕಂಡು."

ನಾನು ನೋಟ್‌ಬುಕ್ಕಿನಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದೆ.

ಗುರುವಾರ ಸಿರಾ. ಬಡವನಹಳ್ಳಿ ದಾರಿಯಲ್ಲಿ ಎರಡು ಗಂಟೆ ಪ್ರಯಾಣ, ಅರ್ಧ ದಾರಿ ನಿಂತುಕೊಂಡೇ, ಕಾಲ ಬಳಿ ಒಂದು ಕುರಿಮರಿ. ಶಾಹಿದಾ ಎತ್ತರದ, ಬೆಳ್ಳನೆಯ ಹುಡುಗಿ. ನಾನು ಒಳಗೆ ಕಾಲಿಟ್ಟದ್ದೇ, "ಆಯಿಯೇ ಮಿಸ್! ಅಮ್ಮಿ ನಿಮಗೇಂತ ಖುಷ್ಕಾ ಕಳಿಸಿದಾರೆ, ಕೆಲಸ ಆಮೇಲೆ," ಎಂದಳು. ಕೆಲಸ ಮೊದಲು ಎಂದೆ. ಹನ್ನೊಂದೂಕಾಲಿಗೆ ಮಧುಗಿರಿಯ ಲೈನಿನ ತಗಡಿನ ಮುಚ್ಚಳ ಟಕ್ಕನೆ ಬಿತ್ತು, ಕರೆ ಬಂದ ಗುರುತು. ಸಾವಿತ್ರಿ, ಪಾವಗಡ ಕೇಳುತ್ತಿದ್ದಳು.

"ಈಗ ನೀನು ಪಾವಗಡಕ್ಕೆ ಹೇಗೆ ಹೋಗ್ತೀಯ?"

"ನಮ್ಮ ನೇರ ಲೈನು ಹೋದ ವರ್ಷದ ಮಳೆಗೆ ಬಿದ್ದುಹೋಯ್ತಲ್ಲ, ಮಿಸ್. ಮತ್ತೆ ಎತ್ತಲೇ ಇಲ್ಲ. ಅದಕ್ಕೇ ಚಾರ್ಟ್ ಪ್ರಕಾರ..." ಎನ್ನುತ್ತ ಇನ್ನೊಂದು ಬಳ್ಳಿಯನ್ನು ಮಧುಗಿರಿಯ ಎರಡನೇ ಲೈನಿಗೆ ಚುಚ್ಚಿ ಹಿಡಿ ತಿರುಗಿಸಿದಳು.

"ಇವತ್ತು ಮಾತ್ರ ರೂಲು ಬಿಡು. ಲೈನಲ್ಲೇ ಇರು," ಎಂದೆ. ಇಬ್ಬರೂ ಕಿವಿ ಕೊಟ್ಟೆವು.

"ಹಲೋ, ಮಧುಗಿರಿ," ಎಂದಿತು ಸಾವಿತ್ರಿಯ ದನಿ.

"ಹಲೋ, ಸಿರಾನಾ? ಪಾವಗಡ ಸಿಕ್ತಾ?" ಎಂದಿತು ಇನ್ನೊಂದು ಬಳ್ಳಿಯಲ್ಲಿ ಅದೇ ಸಾವಿತ್ರಿಯ ದನಿ. ಆಮೇಲೆ ಎರಡೂ ಬಳ್ಳಿಯಲ್ಲಿ ಒಟ್ಟಿಗೇ: "ಅಯ್ಯೋ, ಯಾರೇ ಅದು ನನ್ನ ಹಾಗೇ ಮಾತಾಡ್ತಿರೋದು?"

ಶಾಹಿದಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಕುರ್ಚಿಯಿಂದ ಜಾರಿದಳು. "ಯಾ ಅಲ್ಲಾ! ಸಾವಿತ್ರಿ ಸಾವಿತ್ರಿಯನ್ನೇ ಪಾವಗಡ ಕೇಳ್ತಿದಾಳೆ!"

ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎರಡು ತಿಂಗಳಿಂದ ಪಾವಗಡದ ಕರೆಗಳೆಲ್ಲ ಗಾಣದೆತ್ತಿನ ಹಾಗೆ ಮಧುಗಿರಿಗೂ ಸಿರಾಕ್ಕೂ ಸುತ್ತು ಹಾಕುತ್ತಿದ್ದವು. ನಾಗರತ್ನಳ ಬೋರ್ಡಿಗೆ ಅವು ಮುಟ್ಟಿಯೇ ಇರಲಿಲ್ಲ. ಉತ್ತರ ಕೊಡಲಿಲ್ಲವೆಂದು ಹೆಸರು ಮಾತ್ರ ಆಕೆಯದು.

ನಗು ನಿಂತ ಮೇಲೆ ಸಿರಾದ ಚಾರ್ಟನ್ನು ಹತ್ತಿರದಿಂದ ನೋಡಿದೆ. ನೇರ ಸಿಗದಿದ್ದರೆ ಮಧುಗಿರಿ ಮೂಲಕ. ಮಧುಗಿರಿಯದರಲ್ಲಿ ಸಿರಾ ಮೂಲಕ. ಎರಡರಲ್ಲೂ ಒಂದೇ ಇಂಗ್ಲಿಷ್ ಕೈಬರಹ, ಬಾಲ ಸುತ್ತಿದ ವೈ, ಟೊಪ್ಪಿ ಹಾಕಿದ ಟಿ. ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ತಗೊಂಡ ಕೈ, ನನ್ನದೇ. ಸಿರಾದ ತಂತಿ ಬಿದ್ದಾಗ ಚಾರ್ಟು ತಿದ್ದಬೇಕಾದವಳೂ ನಾನೇ. ಖುಷ್ಕಾ ತುಂಬ ಚೆನ್ನಾಗಿತ್ತು, ಐ ಮಸ್ಟ್ ಸೇ. ಆದರೆ ಶಾಹಿದಾ ಎರಡನೇ ಸಲ ಬಡಿಸಲು ಬಂದಾಗ ಬೇಡವೆಂದೆ.

ಆದರೂ ಅರ್ಧವಷ್ಟೇ ಸಿಕ್ಕಿತ್ತು. ಮಧುಗಿರಿ-ಪಾವಗಡ ನೇರ ಲೈನು ದಿನಾ ಎರಡು ಗಂಟೆ ಏಕೆ ಸಾಯುತ್ತದೆ? ಅದು ಗೊತ್ತಾಗದೆ ಆಫೀಸರು ಒಪ್ಪುವವರಲ್ಲ. ಸಂಜೆ ಮಧುಗಿರಿಗೆ ಮರಳಿ ರಂಗಪ್ಪನಿಗೆ ಹೇಳಿದೆ: "ನಾಳೆ ಬೆಳಗಿನ ಬಸ್ಸು. ಊಟ ದಾರೀಲಿ."

"ಎಂಗಾದ್ರೂ ಆಗ್ಲಿ, ಮುದ್ದೆ ಕಟ್ಟಿಸ್ಕತೀನಿ," ಎಂದ.

ಶುಕ್ರವಾರ ಮಿಡಿಗೇಶಿ ದಾಟಿದ ಮೇಲೆ ಗಾಳಿ ಬಸ್ಸನ್ನೇ ದೂಕುವ ಹಾಗಿತ್ತು. ನಾನು ಎಡಗಡೆ ಕೂತು ಕಂಬ ಎಣಿಸುತ್ತಿದ್ದೆ. ಸಾಲಾಗಿ ನೆಟ್ಟಗೆ ನಿಂತ ಕಂಬಗಳ ನಡುವೆ ಒಂದು ಮಾತ್ರ, ದೇವರಿಗೆ ಕೈಮುಗಿಯುವವರ ಹಾಗೆ, ಬಾಗಿತ್ತು. "ಹೋಲ್ಡ್ ಆನ್!" ಎಂದು ಕೂಗಿಬಿಟ್ಟೆ, ಅಭ್ಯಾಸಬಲ. ಬಸ್ಸು ನಿಂತಿತು, ನಾನೂ ರಂಗಪ್ಪನೂ ಇಳಿದುಕೊಂಡೆವು.

ರಸ್ತೆ ಪಕ್ಕದಲ್ಲಿ ಕಂಬಳಿ ನೇಯುವ ಕುರುಬರ ಹತ್ತಾರು ಮನೆಯ ಹಟ್ಟಿ. ಬೇವಿನ ಮರದ ಬುಡದಿಂದ ನಮ್ಮ ಟೆಲಿಫೋನ್ ಕಂಬದವರೆಗೆ ಕರೀ ಉಣ್ಣೆಯ ಹಾಸು, ಮಗ್ಗಕ್ಕೇರಿಸುವ ಉದ್ದೆಳೆಯ ನೂಲು, ಬಿಗಿಯಾಗಿ ಎಳೆದು ಕಟ್ಟಿತ್ತು. ಒಬ್ಬ ಅಜ್ಜಿಯೂ ಆಕೆಯ ಸೊಸೆಯೂ ಅದಕ್ಕೆ ಹುಣಸೆಬೀಜದ ಗಂಜಿ ಬಳಿದು ಕುಂಚದಿಂದ ತೀಡುತ್ತಿದ್ದರು. ಗಂಜಿ ಕುಡಿದ ನೂಲು ಬಿಸಿಲಿಗೆ ಬಿಗಿಯುತ್ತ ಕಂಬವನ್ನು ಮರದ ಕಡೆಗೆ ಜಗ್ಗಿತ್ತು. ಮೇಲೆ ಒಂದು ಕಡೆಯ ತಂತಿಗಳು ಸಡಿಲವಾಗಿ, ಗಾಳಿಗೆ ಒಂದಕ್ಕೊಂದು ಬಡಿದು ಹೆಣೆದುಕೊಂಡಿದ್ದವು. ತಂತಿ ತಂತಿ ಮುಟ್ಟಿದರೆ ಮುಗಿಯಿತು, ಮಾತು ಅಲ್ಲೇ ಸಾಯುತ್ತದೆ.

"ಅಜ್ಜೀ, ಇದನ್ನ ದಿನಾ ಇಲ್ಲೇ ಕಟ್ತೀರಾ?"

"ಊಂ ಕಣವ್ವ. ನಮ್ ಕಲ್ಗಂಬ ಮುರ್ದೋಗಿ ಎಲ್ಡ್ ತಿಂಗ್ಳಾತು. ಬೆಳಿಗ್ಗೆ ಕಟ್ಟಿದ್ರೆ ಮದ್ಯಾನ್ಕೆ ಒಣಗ್ತದೆ, ಬಿಚ್ಕತೀವಿ." ಆಮೇಲೆ ಅಜ್ಜಿಯ ಕಣ್ಣು ನನ್ನ ಹಿಂದೆ ಹೋಯಿತು. "ಏನ್ಲಾ ರಂಗ, ಇವತ್ತು ಬೆಳಿಗ್ಗೇನೇ ಬಂದ್ಬುಟ್ಟೆ? ಮಜ್ಜಿಗೆ ಇನ್ನೂ ಕಡ್ದೇ ಇಲ್ಲ!"

ರಂಗಪ್ಪನ ಮೀಸೆ ಇಳಿದುಹೋಯಿತು. ನಾಲ್ಕು ಸಲವೂ ಆತ ಹಾಸು ಬಿಚ್ಚಿದ ಮೇಲೆ ಬಂದು, ನೆಟ್ಟಗೆ ನಿಂತ ಇದೇ ಕಂಬಕ್ಕೆ ಒರಗಿ ಮಜ್ಜಿಗೆ ಕುಡಿದು ಹೋಗಿದ್ದ. "ನನ್ ಬೆನ್ನೇ ಸಾಕ್ಷಿ ಕಣಮ್ಮ," ಎಂದ, ನೆಲ ನೋಡುತ್ತ.

ರಂಗಪ್ಪ ಕಂಬ ಹತ್ತಿ, ಬಗಲಲ್ಲಿದ್ದ, ಲೈನು ಪರೀಕ್ಷಿಸುವ ಫೋನಿನ ಎರಡು ತಂತಿಗಳನ್ನು ಲೈನಿಗೆ ಸಿಕ್ಕಿಸಿ, ರಿಸೀವರನ್ನು ಉದ್ದ ಬಳ್ಳಿಯಲ್ಲಿ ನನಗೆ ಇಳಿಬಿಟ್ಟ. ಹನ್ನೊಂದೂವರೆ. ಕಿವಿಗಿಟ್ಟರೆ ಮಣ್ಣಿನ ಹಾಗೆ ಮೌನ. ಒಣಗುವ ಮುಂಚೆ ಬಿಚ್ಚಿದರೆ ನೂಲು ಸಿಕ್ಕಾಗುತ್ತದೆಂದು ಸೊಸೆ ಗೊಣಗಿದಳು. ಪಾವಗಡದಲ್ಲಿ ಒಬ್ಬಳ ಕೆಲಸ ಹೋಗುತ್ತದೆ ಎಂದೆ. ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ, "ಇಡ್ಕಳೇ ಆ ಕಡೆ," ಎಂದು ಸೊಸೆಗೆ ಹೇಳಿ, ತಾನೇ ಗಂಟು ಬಿಚ್ಚಿದಳು. ನೂಲಿನ ಆ ತುದಿಯನ್ನು ಇಬ್ಬರೂ ಎದೆಗೆ ಅವುಚಿಕೊಂಡು, ಹಗ್ಗ ಜಗ್ಗುವವರ ಹಾಗೆ ಕಾಲೂರಿ ನಿಂತರು.

ಕಂಬ ನಿಟ್ಟುಸಿರಿಟ್ಟ ಹಾಗೆ ನೆಟ್ಟಗಾಯಿತು. ಮೇಲೆ ತಂತಿಗಳು ಟಿಂಗ್ ಎಂದು ಬೇರೆಯಾದವು. ರಂಗಪ್ಪ ಹಿಡಿ ತಿರುಗಿಸಿದ.

"ಪಾವಗಡ!"

ಅದೇ ತೆಳು, ಸಿಹಿ ದನಿ. ಆ ಬಯಲಿನಲ್ಲಿ ನಾನು ಕುಣಿದೆನೆಂದರೆ ನೀವು ನಂಬಲಿಕ್ಕಿಲ್ಲ. "ನಾಗರತ್ನ! ಟೈಮ್ ಬರ್ಕೋ! ಹನ್ನೊಂದು ಮೂವತ್ತೆಂಟು!"

"ಮಿಸ್? ಎಲ್ಲಿಂದ ಮಾತಾಡ್ತಿದೀರಿ? ಕುರಿ ಅರಚೋದು ಕೇಳ್ತಿದೆ!"

ರಂಗಪ್ಪ ಅಲ್ಲೇ ಉಳಿದ. ಮಜ್ಜಿಗೆಯ ಋಣವೋ ಏನೋ, ಸಂಜೆಯೊಳಗೆ ಹೊಸ ಕಲ್ಲುಕಂಬ ನೆಟ್ಟುಕೊಡುತ್ತೇನೆಂದು ಅಜ್ಜಿಗೆ ಮಾತು ಕೊಟ್ಟ. ನಾನು ಮುಂದಿನ ಬಸ್ಸಿಗೆ ಪಾವಗಡ ಸೇರಿದೆ. ಕೋಟೆಬೆಟ್ಟದ ನೆರಳು ಊರ ಮೇಲೆ ಬೀಳುವ ಹೊತ್ತು. ಬಸ್ಸಿಳಿದರೆ ಮಾತೆಲ್ಲ ಅರ್ಧ ತೆಲುಗು. ಬೋರ್ಡಿನ ಮುಂದೆ ಕೂತಿದ್ದಾಕೆ ಆಜಾನುಬಾಹು ಹೆಂಗಸು, ನಲವತ್ತರ ಮೇಲೆ, ಕುಸ್ತಿಯವರ ತೋಳು. ನಾಗರತ್ನ ಎಲ್ಲಿ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಎದ್ದು, ಅದೇ ಸಿಹಿ ದನಿಯಲ್ಲಿ, "ಅಯ್ಯೋ ದೇವುಡಾ! ಇಂಗ್ಲಿಷು ಕೇಳಿ ಎತ್ತರದ ದೊರೆಸಾನಿ ಅಂತಿದ್ದೆ. ಏಮಿ ಮಿಸ್, ಇಷ್ಟು ಕುಳ್ಳಿ ಇದೀರಾ!" ಎಂದು ನನ್ನನ್ನು ನೆಲದಿಂದ ಎತ್ತಿಯೇಬಿಟ್ಟಳು.

ರಾತ್ರಿಯೂಟ ಅವರ ಮನೆಯಲ್ಲಿ. ಬಿಸಿ ಮುದ್ದೆ, ಕಡ್ಲೆಕಾಯಿ ಚಟ್ನಿ. ಊಟ ಮಾಡುತ್ತ ಹೇಳಿದಳು: "ದಿನಾ ಆ ಎರಡು ಗಂಟೆ ನಾನು ಸೀಟು ಬಿಟ್ಟು ನೀರಿಗೂ ಏಳ್ಲಿಲ್ಲ ಮಿಸ್. ಹಿಡಿ ತಿರುಗಿಸಿ ತಿರುಗಿಸಿ ಈ ತೋಳು ಬಂತು ನೋಡಿ. ಯಾರೂ ನಂಬಲಿಲ್ಲ. ನೀವೂ ನಂಬಲ್ಲ ಅನ್ಕೊಂಡಿದ್ದೆ."

ಬಸ್ಸಿನಲ್ಲಿ ರಿಪೋರ್ಟಿನ ಡ್ರಾಫ್ಟು ಬರೆದಿದ್ದೆ. 'ಚಾರ್ಟು ಹಳೆಯದಾಗಿತ್ತು' ಎಂದು ಜಾಣತನದಿಂದ ಒಂದು ಸಾಲು. ಆಕೆಯ ಮಾತು ಕೇಳಿ ಅದನ್ನು ಹೊಡೆದುಹಾಕಿದೆ. 'ಚಾರ್ಟು ಬರೆದವಳು ನಾನು. ತಿದ್ದದೆ ಬಿಟ್ಟವಳೂ ನಾನು,' ಎಂದು ಅದೇ ಪ್ರೈಜ್ ಕೈಬರಹದಲ್ಲಿ ಬರೆದೆ. ಎದೆ ಹಗುರಾಯಿತು. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಶನಿವಾರ ಮರಳುವಾಗ ಹಟ್ಟಿಯ ಮುಂದೆ ಬಸ್ಸು ನಿಧಾನಿಸಿತು. ಹೊಸ ಕಲ್ಲುಕಂಬಕ್ಕೂ ಬೇವಿನ ಮರಕ್ಕೂ ನಡುವೆ ಕರೀ ನೂಲು ಬಿಗಿದು ಹೊಳೆಯುತ್ತಿತ್ತು. ಅಜ್ಜಿ ಗಂಜಿಯ ಕೈಯನ್ನೇ ಎತ್ತಿ ಬೀಸಿದಳು. ನಮ್ಮ ಕಂಬ ಪಕ್ಕದಲ್ಲಿ ಸುಮ್ಮನೆ, ನೆಟ್ಟಗೆ ನಿಂತಿತ್ತು. ಮಧುಗಿರಿಯಲ್ಲಿಳಿದು ಚಾರ್ಟು ತಿದ್ದಿ, ಸಿರಾದ್ದನ್ನು ಶಾಹಿದಾಗೆ ಫೋನಿನಲ್ಲೇ ಹೇಳಿ ತಿದ್ದಿಸಿದೆ.

ಸೋಮವಾರ ಆಫೀಸರು ರಿಪೋರ್ಟನ್ನು ಎರಡು ಸಲ ಓದಿದರು. ನನ್ನ ಕಡೆ ನೋಡಿ, "ನಿಮಗೊಂದು ಮೆಮೊ ಬರುತ್ತೆ, ಮೇಡಂ," ಎಂದರು. ಬರಲಿ ಸರ್ ಎಂದೆ. ಅವರು ಗಡಿಯಾರ ನೋಡಿದರು. ಹನ್ನೊಂದೂವರೆ. "ಕರೀರಿ ನೋಡೋಣ." ನಾನು ಬಳ್ಳಿ ಚುಚ್ಚಿದೆ, ಇನ್ನೊಂದು ರಿಸೀವರನ್ನು ಅವರು ಕಿವಿಗಿಟ್ಟುಕೊಂಡರು. ಮಧುಗಿರಿ ದಾಟಿತು. ಒಂದೇ ರಿಂಗು.

"ಪಾವಗಡ!" ಎಂದಿತು ದನಿ. "ಯಾರು, ನಮ್ಮ ಕುಳ್ಳಿ ಮಿಸ್ಸಾ?"

ಆಫೀಸರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಮೇಜಿನ ಮೇಲಿದ್ದ 'ನೋ ರಿಪ್ಲೈ' ಚೀಟಿಗಳ ಕಟ್ಟನ್ನು ಎಳೆದುಕೊಂಡು, ಅಡ್ಡಕ್ಕೆ ಹರಿದರು.