ಅಪ್ಪನ ಬಸ್ಸಿನಲ್ಲಿ ಅವ್ವ

ನಮ್ಮಪ್ಪ ಬಸ್ ಡ್ರೈವರ್ ಆಗಿದ್ದ. ಗದಗಿನಿಂದ ಹೊರಟು ಮುಳಗುಂದ, ಯಳವತ್ತಿ ದಾಟಿ ಲಕ್ಷ್ಮೇಶ್ವರಕ್ಕೆ ಹೋಗಿಬರುವ ಬಸ್ಸನ್ನೇ ನೌಕರಿಯ ಬಹುಪಾಲು ವರ್ಷ ಓಡಿಸಿದ. ಆ ದಾರಿಯ ಊರುಗಳಲ್ಲಿ ಅವನನ್ನು ಅರಿಯದವರು ಕಡಿಮೆ. ಆದರೆ ನಮ್ಮವ್ವ ಮಾತ್ರ ಅವನ ಬಸ್ಸಿಗೆ ಹತ್ತುತ್ತಿರಲಿಲ್ಲ. ಅವಳ ತವರು ಲಕ್ಷ್ಮೇಶ್ವರವೇ. ಆದರೂ ಅಪ್ಪನ ಬಸ್ಸು ಹೋಗಲು ಬಿಟ್ಟು, ನಮ್ಮ ಕೈ ಹಿಡಿದುಕೊಂಡು ಅದರ ಹಿಂದಿನ ಬಸ್ಸಿಗೆ ಹತ್ತುತ್ತಿದ್ದಳು.

ಅದಕ್ಕೆ ಕಾರಣ ಒಂದು ಎಮ್ಮೆ. ಮದುವೆಯಾದ ಹೊಸತರಲ್ಲಿ ಅವ್ವ ಒಮ್ಮೆ ಅಪ್ಪನ ಬಸ್ಸಿನಲ್ಲೇ ತವರಿಗೆ ಹೊರಟಿದ್ದಳಂತೆ. ಮುಳಗುಂದದ ಆಚೆ ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡುತ್ತ ಬಸ್ಸು ಓಡಿಸುವಾಗ ಎಮ್ಮೆಯೊಂದು ರಸ್ತೆಗೆ ಬಂತು. ಹೇಗೋ ಬ್ರೇಕು ಹಿಡಿಯಿತು. ಎಮ್ಮೆ ತನ್ನ ಪಾಡಿಗೆ ತಾನು ಹೋಯಿತು, ಅಪ್ಪ ಬೆವತುಬಿಟ್ಟ. ಅವತ್ತು ರಾತ್ರಿ ಅವ್ವನಿಗೆ, “ನೀ ಹಿಂದ ಕುಂತ್ರ ನನ್ನ ಲಕ್ಷ್ಯ ದಾರಿ ಮ್ಯಾಲ ಇರಂಗಿಲ್ಲ. ಇನ್ನ ಮ್ಯಾಲ ನನ್ನ ಗಾಡಿ ಹತ್ತಬ್ಯಾಡ,” ಅಂದನಂತೆ. ಅವ್ವ ಇದನ್ನು ಹೇಳುವಾಗೆಲ್ಲ ಸಿಟ್ಟಿನ ಮುಖ ಮಾಡುತ್ತಿದ್ದಳು. ಆದರೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಅಪ್ಪ ನಿವೃತ್ತನಾಗುವ ಹಿಂದಿನ ದಿನ ನಾನು ಮುಂಡರಗಿಯ ಗಂಡನ ಮನೆಯಿಂದ ಬೆಟಗೇರಿಯ ತವರಿಗೆ ಬಂದೆ. ಸಂಜೆ ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು: “ನಾಳಿ ನಾನೂ ಲಕ್ಷ್ಮೇಶ್ವರಕ್ಕ ಹೊಂಟೀನಿ. ನಿಮ್ಮಪ್ಪನ ಬಸ್ಸಿನಾಗ.”

“ಅಪ್ಪ ಬ್ಯಾಡಂದ್ರ?”

“ಕೇಳಿದ್ರಲ್ಲೇನ ಬ್ಯಾಡನ್ನಾಕ? ನಾಳಿ ಮುಗದ ಹೋತಂದ್ರ ಮತ್ತ ಯಾವಾಗ ಹತ್ತಲಿ ನಾ?”

ಮರುದಿನ ಅಪ್ಪ ಬೆಳಕು ಹರಿಯುವ ಮೊದಲೇ ಎದ್ದು, ತಾನೇ ಇಸ್ತ್ರಿ ಮಾಡಿಕೊಂಡ ಖಾಕಿ ತೊಟ್ಟು ಡಿಪೋಗೆ ಹೋದ. ಅವನು ಓಣಿ ದಾಟಿದ್ದೇ ತಡ, ಅವ್ವ ನನ್ನ ಗುಲಾಬಿ ಬಣ್ಣದ ಸೀರೆ ಉಟ್ಟಳು. ಇಳಕಲ್ ಸೀರೆ ಬಿಟ್ಟು ಬೇರೆ ಉಡದ ಹೆಂಗಸು ತಲೆತುಂಬ ಸೆರಗು ಹೊದ್ದು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ನನಗೇ ಗುರುತು ಹತ್ತದಂತಿದ್ದಳು. ಅಪ್ಪ ಸಹಿ ಮಾಡಲು ಸ್ಟ್ಯಾಂಡಿನ ಆಫೀಸಿನೊಳಗೆ ಹೋದಾಗ ಇಬ್ಬರೂ ಹತ್ತಿ ಹಿಂದಿನ ಸೀಟು ಹಿಡಿದೆವು.

ಕಂಡಕ್ಟರ್ ಒಬ್ಬ ಹರೆಯದ ಹೆಣ್ಣುಮಗಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಧಾರ್ ಕಾರ್ಡ್ ತೋರಿಸಬೇಕಲ್ಲ, ಅವ್ವ ತೋರಿಸಿದಳು. ಅವಳು ಕಾರ್ಡು ನೋಡಿದಳು, ಅವ್ವನ ಮುಖ ನೋಡಿದಳು, ಮತ್ತೆ ಕಾರ್ಡಿನಲ್ಲಿದ್ದ ಗಂಡನ ಹೆಸರು ನೋಡಿದಳು. “ಅಯ್ಯ, ಕಾಕೂ...” ಎನ್ನುವಷ್ಟರಲ್ಲಿ ಅವ್ವ ತುಟಿಯ ಮೇಲೆ ಬೆರಳಿಟ್ಟಳು. ಕಂಡಕ್ಟರ್ ನಗು ತಡೆದುಕೊಂಡು ಎರಡು ಸೊನ್ನೆ ಟಿಕೆಟ್ ಹರಿದುಕೊಟ್ಟಳು.

ಮುಳಗುಂದದವರೆಗೆ ಅವ್ವ ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ. ಮಂದಿಯ ತಲೆಗಳ ನಡುವೆ ಅಪ್ಪನ ಬೆನ್ನು, ಗೇರು ಬದಲಿಸುವ ಕೈ ಕಾಣುತ್ತಿದ್ದವು. ಅವನ್ನೇ ನೋಡುತ್ತಿದ್ದಳು. ಎರಡೂ ಕಡೆ ಕರಿ ಹೊಲಗಳಲ್ಲಿ ಕಡಲೆ ಹಸಿರಾಗಿತ್ತು. ಕಿಟಕಿಯಾಚೆ ಕಣ್ಣು ಹಾಯಿಸಲೇ ಇಲ್ಲ ಅವಳು.

ಮುಳಗುಂದದಲ್ಲಿ ಹತ್ತಿದವನೊಬ್ಬ ನಮ್ಮ ಮುಂದಿನ ಸೀಟಿನಲ್ಲಿ ಕೂತ. ಲಕ್ಷ್ಮೇಶ್ವರದಲ್ಲಿ ಯಾರದೋ ಮದುವೆಗೆ ಹೊರಟವನು, ಅಕ್ಕಿಕಾಳು ಹಾಕುವ ಮುಹೂರ್ತ ತಪ್ಪುವ ಚಿಂತೆ ಅವನಿಗೆ. ಹೊರಗೆ ನೋಡುತ್ತ, ಗಡಿಯಾರ ನೋಡುತ್ತ ಕಡೆಗೆ ದೊಡ್ಡ ದನಿಯಲ್ಲೇ ಅಂದ: “ಇಂವಾ ಬಸ್ ಹೊಡ್ಯಾಕತ್ತಾನೋ, ಎತ್ತಿನ ಚಕ್ಕಡಿ ಹೊಡ್ಯಾಕತ್ತಾನೋ!”

ನಾನು ಅವ್ವನ ಕೈ ಹಿಡಿದೆ. ತಡವಾಗಿತ್ತು. ಸೆರಗು ಹೆಗಲಿಗೆ ಜಾರಿತ್ತು, ಅವ್ವ ಎದ್ದು ನಿಂತಿದ್ದಳು.

“ಏ ತಮ್ಮಾ, ಇಷ್ಟ ವರ್ಷದಾಗ ಈ ಮನಿಶ್ಯಾನ ಕೈಯಾಗ ಒಂದ ಕೋಳಿ ಸೈತ ಸತ್ತಿಲ್ಲ. ಗರ್ಭಿಣಿ ಹೆಂಗಸರು ಇಂವನ ಬಸ್ಸ ಬರೂತನಾ ಕಾಯ್ತಾರ, ಗೊತ್ತೈತಿ? ಅಷ್ಟ ಗಡಿಬಿಡಿ ಇದ್ರ ನಿನ್ನಿ ದಿನಾನ ಹೋಗಬೇಕಿತ್ತು!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಬಸ್ಸಿನ ವೇಗ ಇಳಿಯಿತು. ಕನ್ನಡಿಯಲ್ಲಿ ಅಪ್ಪನ ಕಣ್ಣುಗಳು ಕಾಣಿಸಿದವು. ಅಪ್ಪ ಮೆಲ್ಲಗೆ ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ, ಪೂರ್ತಿ ನಿಂತ ಮೇಲೆ ತಿರುಗಿದ. ಅವ್ವ ನಿಂತೇ ಇದ್ದಳು, ಕುಳಿತುಕೊಳ್ಳುವುದು ಮರೆತುಹೋಗಿತ್ತು. ಬಯ್ಯುತ್ತಾನೆ ಅಂದುಕೊಂಡೆ.

“ಕಂಡಕ್ಟರ್ ಬಾಯಾರ,” ಅಂದ ಅಪ್ಪ, “ಆಕಿ ಟಿಕೀಟ ತಗೊಂಡಾಳೇನ ಚೆಕ್ ಮಾಡ್ರಿ.”

ಕಂಡಕ್ಟರ್ ಇಲ್ಲಿಯವರೆಗೆ ತಡೆದುಕೊಂಡಿದ್ದ ನಗೆಯನ್ನೆಲ್ಲ ಒಮ್ಮೆಲೇ ನಕ್ಕಳು. “ಎಲ್ಲಾರೂ ಕೇಳ್ರಿ, ಇವತ್ತ ಸಾಹೇಬ್ರ ಕಡೀ ದಿನ. ಇವರು ಸಾಹೇಬ್ರ ಮನಿಯವರು!” ಎಂದು ಎಲ್ಲರಿಗೂ ಕೇಳುವಂತೆ ಸಾರಿದಳು. ಆಗ ಎದ್ದ ಗದ್ದಲವನ್ನು ಏನು ಹೇಳಲಿ! ಮುಂದಿನ ಸೀಟಿನ ಅಜ್ಜಿಯರು ಅವ್ವನನ್ನು ಕೈಹಿಡಿದು ಕರೆದೊಯ್ದು, ಅಪ್ಪನ ಪಕ್ಕದ ಕಿಟಕಿ ಸೀಟಿನಲ್ಲಿ ಕೂರಿಸಿದರು. ಮದುವೆಗೆ ಹೊರಟವನು ಎದ್ದು ಬಂದು ಕೈಮುಗಿದ. “ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಸಾವಕಾಶ ನಡೀಲಿ. ಮದವಿ ಏನ ನಂದಲ್ಲ.”

ಸಾವಕಾಶವಾಗುವುದು ಇನ್ನೂ ಬಾಕಿ ಇತ್ತು. ಯಳವತ್ತಿಯಲ್ಲಿ ಸುದ್ದಿ ಮೊದಲೇ ತಿಳಿದಿದ್ದ ಮಂದಿ ಹೂವಿನ ಹಾರ, ತೆಂಗಿನಕಾಯಿ ಹಿಡಿದು ರಸ್ತೆಯಲ್ಲೇ ನಿಂತಿದ್ದರು. ಅಪ್ಪ ಕೆಳಗಿಳಿಯಲು ಒಪ್ಪಲಿಲ್ಲ. “ಟೈಮ್ ಆಗೇತ್ರಿ, ಮಂದಿ ಅದಾರ,” ಅಂತ ಸ್ಟೇರಿಂಗ್ ಹಿಡಿದೇ ಕೂತ. ಹಿರಿಯರೊಬ್ಬರು ಹೊರಗಿನಿಂದ ಗಾಲಿಯ ಮೇಲೆ ಹತ್ತಿ ಕಿಟಕಿಯಿಂದಲೇ ಅವನ ತಲೆಗೆ ರುಮಾಲು ಸುತ್ತಲು ತೊಡಗಿದರು. ಅರ್ಧ ಸುತ್ತುವಷ್ಟರಲ್ಲಿ ಅದು ಅಪ್ಪನ ಕಣ್ಣ ಮೇಲೆ ಜಾರಿತು. “ಏ ಯಜಮಾನ್ರ, ದಾರಿ ಕಾಣಂಗ ಸುತ್ರಿ!” ಎಂದು ಒಳಗಿನಿಂದ ಯಾರೋ ಕೂಗಿದರು. ಹೆಂಗಸರು ಅವ್ವನಿಗೆ ಕುಂಕುಮ ಹಚ್ಚಿ, ಉಡಿ ತುಂಬಿದರು. ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳು, “ನಮ್ಮವ್ವ ನನ್ನ ಹಡ್ಯಾಕ ನಿಮ್ಮ ಬಸ್ಸಿನಾಗ ಹೋಗಿದ್ಲಂತ್ರಿ,” ಅಂದಳು. ಅಪ್ಪ ಅವಳನ್ನು ನೋಡಿದ. ಆಮೇಲೆ ಉದ್ದಕ್ಕೆ ಹಾರ್ನ್ ಒತ್ತಿದ.

ಲಕ್ಷ್ಮೇಶ್ವರದಲ್ಲಿ ಇಳಿದು ಮೂವರೂ ಚಹಾ ಕುಡಿದೆವು. ಅಪ್ಪ ರುಮಾಲು ಬಿಚ್ಚಿರಲಿಲ್ಲ. ಬಟ್ಟಲಿಗೆ ಚಹಾ ಸುರುವಿಕೊಳ್ಳುತ್ತ, ಅವ್ವನ ಕಡೆ ನೋಡದೆ ಕೇಳಿದ:

“ಹೆಂಗ ಹೊಡದ್ನಿ?”

“ಒಂಚೂರ ಜೋರ್ ಹೊಡೀಬೇಕಿತ್ತು,” ಅಂದಳು ಅವ್ವ.

ಮರಳಿ ಬರುವಾಗ ಅವಳು ಗದಗಿನವರೆಗೂ ಮಾತಾಡಿದಳು. ಅಪ್ಪ ಹೂಂ ಹೂಂ ಅನ್ನುತ್ತಿದ್ದ, ಕಣ್ಣು ಮಾತ್ರ ದಾರಿಯ ಮೇಲಿತ್ತು.

ಸಂಜೆ ಡಿಪೋದಲ್ಲಿ ಶಾಲು, ಹಾರ, ಭಾಷಣಗಳಾದವು. ಗೆಳೆಯರು ಗಿರಮಿಟ್ಟು, ಮಿರ್ಚಿ, ಜಿಲೇಬಿ ತರಿಸಿದ್ದರು. ಅಪ್ಪನನ್ನು ಮಾತಾಡಲು ಎಬ್ಬಿಸಿದರು. ಮೈಕಿನ ಮುಂದೆ ಬಂದು, “ಎಲ್ಲಾರೂ ಹುಷಾರಿ ಹೊಡೀರಿ,” ಎಂದಷ್ಟೇ ಹೇಳಿ ಕೂತ. ಕೈಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಎಲ್ಲ ಮುಗಿದ ಮೇಲೆ ಬಸ್ಸು ನಿಂತ ಕಡೆ ಹೋಗಿ ಅದರ ಸುತ್ತ ಒಂದು ಸುತ್ತು ಬಂದ. ಗಾಲಿಗಳನ್ನು ಒಂದೊಂದಾಗಿ ಕಾಲಿನಿಂದ ಒದ್ದು ನೋಡಿದ. ನಾವು ದೂರವೇ ನಿಂತೆವು.

ಮುಂದಿನ ವಾರ ಅಪ್ಪನ ಹಳೆಯ ದಾರಿಯಲ್ಲೇ, ಲಕ್ಷ್ಮೇಶ್ವರದ ಮೂಲಕ ಶಿರಹಟ್ಟಿಯ ನಮ್ಮ ಚಿಕ್ಕಪ್ಪನ ಮನೆಗೆ ಊಟಕ್ಕೆ ಹೊರಟೆವು. ಅಪ್ಪ ಬಿಳಿ ಅಂಗಿ ತೊಟ್ಟು, ಸೀಟಿನಲ್ಲಿ ಅವ್ವನ ಪಕ್ಕ ಕೂತ. ಹರೆಯದ ಡ್ರೈವರ್ ತಿರುವಿನಲ್ಲಿ ಜೋರಾಗಿ ತಿರುಗಿಸಿದಾಗಲೆಲ್ಲ ಅಪ್ಪನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಅವ್ವ ಎರಡು ಸಲ ನೋಡಿದಳು. ಮೂರನೆಯ ಸಲ ಅವನ ಮೊಣಕಾಲ ಮೇಲೆ ಕೈಯಿಟ್ಟು, “ಬಿಡ್ರಿ, ಅಂವಾ ಹೊಡೀತಾನ. ನೀವ ಹೊರಗ ನೋಡ್ರಿ,” ಅಂದಳು.

ಅಪ್ಪ ಕಿಟಕಿಯಾಚೆ ನೋಡಿದ. ತುಸು ಹೊತ್ತಿನ ಮೇಲೆ, “ಅಲ್ಲೊಂದ ಕೆರಿ ಐತಲ್ಲ,” ಅಂದ ಅಚ್ಚರಿಯಿಂದ.