ಕಬ್ಬಿನ ಸುಗ್ಗಿಯಲ್ಲಿ ಇಂಟರ್‌ನೆಟ್

ಬೈಲಹೊಂಗಲದ ನಮ್ಮ ಓಣಿಗೆ ಇಂಟರ್‌ನೆಟ್ ತಂತಿ ಎಳೆದ ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ತಂತಿಯನ್ನು ರಸ್ತೆಗೆ ಅಡ್ಡಲಾಗಿ, ಬೇವಿನ ಮರದಿಂದ ಹಿಟ್ಟಿನ ಗಿರಣಿಯ ತಗಡಿಗೆ ಕಟ್ಟಿದ್ದ. ಸಕ್ಕರೆ ಕಾರ್ಖಾನೆ ಶುರುವಾದರೆ ಸಾಕು, ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅದನ್ನು ಕಿತ್ತುಕೊಂಡು ಹೋಗುತ್ತಿದ್ದವು. ಇತ್ತ ಟಿವಿಯಲ್ಲಿ ಸಿನಿಮಾ ನಿಂತು ಚಕ್ರ ತಿರುಗುತ್ತಿತ್ತು. ಫೋನ್ ಮಾಡಿದರೆ ಒಂದೇ ಮಾತು: “ಐದ ಮಿನಿಟ್ ರೀ, ಬಂದ ಬಿಡ್ತೈತಿ.” ಕಿವಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಹೆಗಲಿಗೆ ಏಣಿ ಹೊತ್ತು ಅವನು ಬರುವಾಗ ಸಂಜೆಯಾಗಿರುತ್ತಿತ್ತು.

“ಎತ್ತರದಾಗ ಕಟ್ಟಾಕ ಏನ್ ಧಾಡಿ ನಿನಗ?” ಎಂದರೆ, “ಕಂಬ ಬರೂದೈತ್ರಿ” ಎನ್ನುತ್ತಿದ್ದ.

ಕ್ರಿಕೆಟ್ ಫೈನಲ್‌ನ ದಿನ ಬೆಳಿಗ್ಗೆಯೇ ಫೋನಿನಲ್ಲಿ ಕೂಗಾಡಿದೆ: “ಇವತ್ತ ತಂತಿ ಹರೀತಂದ್ರ ನಿನ್ನ ಮನೀಗೇ ಬರ್ತೇನಿ ನೋಡ!”

ಆ ದಿನ ಮ್ಯಾಚ್ ಒಮ್ಮೆಯೂ ನಿಲ್ಲಲಿಲ್ಲ. ಗೆದ್ದ ಖುಷಿಯಲ್ಲಿ ಹೊರಗೆ ಬಂದರೆ, ಅವನು ರಸ್ತೆಯಲ್ಲಿ ನಿಂತು ಕವೆಗೋಲಿನಿಂದ ತಂತಿಯನ್ನು ಎತ್ತಿ ಹಿಡಿದು ಟ್ರ್ಯಾಕ್ಟರ್ ದಾಟಿಸುತ್ತಿದ್ದ. ಮಧ್ಯಾಹ್ನದಿಂದಲೂ ಅಲ್ಲೇ ನಿಂತಿದ್ದನಂತೆ.

“ಗೆದ್ವೇನ್ರಿ ಸರ?” ಎಂದು ಕೇಳಿದ.

ಹೂಂ ಎಂದೆ. ಕೋಲನ್ನು ಗೋಡೆಗೆ ಆನಿಸಿ ಮನೆಗೆ ಹೊರಟ. ಅವನು ತಿರುವು ದಾಟುವ ಮೊದಲೇ ಮುಂದಿನ ಟ್ರ್ಯಾಕ್ಟರ್ ಬಂದು ತಂತಿಯನ್ನು ಕಿತ್ತುಕೊಂಡು ಹೋಯಿತು.