ಹೂವಿನ ಖರ್ಚು ಮಾವನದು

ನಮ್ಮ ಸೋದರಮಾವನ ಬಲಗೈ ಎಡಗೈಗಿಂತ ನಾಲ್ಕು ಬೆರಳು ಗಿಡ್ಡ. ಸಂತೇಬೆನ್ನೂರಿನಲ್ಲಿದ್ದ ಅವರ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಮುರಿದಿದ್ದ ಕೈ, ಕೂಡಿಕೊಳ್ಳುವಾಗ ಸೊಟ್ಟಗಾಗಿ ಹಾಗೇ ಉಳಿದಿತ್ತು. ಸಂತೆಯಲ್ಲಿ ಹೂವು ಕೊಳ್ಳುವಾಗ ಮಾತ್ರ ಎಡಗೈಯನ್ನೇ ಮುಂದೆ ಚಾಚುತ್ತಿದ್ದರು. "ನಿನ್ನ ಮೊಳ ಬ್ಯಾಡವ್ವ, ನನ್ನ ಕೈಯಾಗೆ ಅಳಿ" ಎಂದರೆ ಹೂವಿನಾಕೆ, "ಆ ಕೈ ಬ್ಯಾಡ್ರಿ ಯಜಮಾನ್ರೇ, ಈ ಕೈ ಕೊಡ್ರಿ" ಎಂದು ಗಿಡ್ಡ ಕೈ ತೋರಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಕೊನೆಗೆ ಅಳತೆಯಾಗುತ್ತಿದ್ದುದು ಅವಳ ಕೈಯಲ್ಲೇ.

ಮಾವ ಜಿಪುಣರು ಎಂದರೆ ಅವರಿಗೇ ಬೇಜಾರಿರಲಿಲ್ಲ. ಹೋಟೆಲಿನಲ್ಲಿ ಒಂದು ಟೀ ತರಿಸಿ ಎರಡು ಲೋಟಕ್ಕೆ ಬಗ್ಗಿಸುವವರು. ಹೂವಿನ ವಿಷಯ ಬಂದರೆ ಮಾತ್ರ ಮನುಷ್ಯ ಬೇರೆಯೇ. ಹಬ್ಬಕ್ಕೆ ಚನ್ನಗಿರಿಯ ನಮ್ಮ ಮನೆಗೆ ಬಂದರೆ ಅಮ್ಮನಿಗೆ, ನನಗೆ, ಪಕ್ಕದ ಮನೆಯವರಿಗೂ ಸೇರಿಸಿ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ನಾನು ಹುಟ್ಟಿದಾಗ ತೊಟ್ಟಿಲ ಪಕ್ಕ ನಿಂತು, "ಅಕ್ಕ, ಈಕಿ ಮದುವೇಲಿ ಹೂವಿನ ಖರ್ಚು ಪೂರಾ ನಂದು" ಎಂದಿದ್ದರಂತೆ. ತಲೆಗೆ ಕಟ್ಟುವ ದಂಡೆ, ಬಾಸಿಂಗ ತರುವುದು ನಮ್ಮಲ್ಲಿ ಹೇಗೂ ಸೋದರಮಾವನ ಪಾಲು. ಮಂಟಪ, ಹಾರ, ಜಡೆ, ಬಂದ ಹೆಂಗಸರ ಮುಡಿ ಇವನ್ನೆಲ್ಲ ಅವರ ತಲೆಗೆ ಯಾರೂ ಕಟ್ಟಿರಲಿಲ್ಲ. ತಾವೇ ಕಟ್ಟಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ, ಮುಂದೆ ನಿಂತು ಮಾಡಿಸಲು ಇನ್ನೊಂದು ಮದುವೆಯೂ ಇರಲಿಲ್ಲ.

ಹೊನ್ನಾಳಿಯ ಸಂಬಂಧ ಕುದುರಿದಾಗ ಆಷಾಢ. ಶ್ರಾವಣದಲ್ಲಿ ಎರಡು ಮುಹೂರ್ತ ಸಿಕ್ಕವು: ಒಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಇನ್ನೊಂದು ಹಬ್ಬ ಕಳೆದ ಭಾನುವಾರ. ಅಪ್ಪನಿಗೆ ಮೊದಲನೆಯದೇ ಇಷ್ಟ. ಮಾವ ಬಿಡಲಿಲ್ಲ.

"ಭಾವ, ಹಬ್ಬದ ಮುಂದೆ ಹೂವು ಬಂಗಾರ ಆಗ್ತೈತೆ. ನನ್ನತ್ರ ಇರೋದ್ರಾಗೆ ಮಂಟಪದ ನಾಕು ಕಂಬಾನೂ ಮುಚ್ಚಾಕೆ ಆಗಲ್ಲ. ಶುಕ್ರವಾರ ಮುಗೀಲಿ ತಡೀರಿ. ಶನಿವಾರ ಹೂವು ಕೇಳೋರೇ ಇರಲ್ಲ. ಅದೇ ರೊಕ್ಕಕ್ಕೆ ಗಾಡಿ ತುಂಬಾ ತರ್ತೀನಿ."

ಎಷ್ಟು ಸರಿಯಾದ ಮಾತು! ಅಪ್ಪ ಒಪ್ಪಿದರು, ಬೀಗರು ಒಪ್ಪಿದರು. ಆ ತಿಂಗಳೆಲ್ಲ ಮಾವ ಖುಷಿಯಲ್ಲಿದ್ದರು. ಫೋನು ಮಾಡಿದಾಗಲೆಲ್ಲ ಅದೇ ಮಾತು: ಮಂಟಪಕ್ಕೆ ಸೇವಂತಿಗೆ, ಬಾಗಿಲಿಗೆ ಚೆಂಡು ಹೂವು, ನನ್ನ ಜಡೆಗೆ ಮಲ್ಲಿಗೆ ಮೊಗ್ಗು. "ಪುಟ್ಟಿ, ಮಂಟಪದ ಮೆಟ್ಲು ಹತ್ತಬೇಕಾದ್ರೆ ನಿನ್ನ ಕಾಲು ನೆಲಕ್ಕೆ ತಾಕಬಾರದು, ನೋಡ್ತಿರು" ಎನ್ನುತ್ತಿದ್ದರು.

ಶನಿವಾರ ಬೆಳಗಾಗುತ್ತಲೇ ಲಗೇಜ್ ಆಟೋ ಮಾಡಿಕೊಂಡು ಪೇಟೆಗೆ ಹೋದರು. ಪೇಟೆಯಲ್ಲಿ ದುಬಾರಿ ಹೂವೂ ಇರಲಿಲ್ಲ, ಅಗ್ಗದ ಹೂವೂ ಇರಲಿಲ್ಲ. ಹೂವೇ ಇರಲಿಲ್ಲ. ಶುಕ್ರವಾರದ ರೇಟಿಗೆ ಆಸೆಪಟ್ಟು ಬೆಳೆದವರೆಲ್ಲ ಅರಳಿದ್ದು, ಅರಳದ್ದು ಎನ್ನದೆ ಕಿತ್ತು ಮಾರಿದ್ದರು. ಮಾವ ನಲ್ಲೂರಿಗೆ ಹೋದರು, ನ್ಯಾಮತಿಯ ಕಡೆಗೂ ಹೋದರು. ತೋಟದವನೊಬ್ಬ ಇವರನ್ನು ಸಾಲಿನೊಳಗೆ ಕರೆದುಕೊಂಡು ಹೋಗಿ ತೋರಿಸಿದನಂತೆ: "ನೀವೇ ನೋಡ್ರಿ, ಗಿಡದಾಗೆ ಮೊಗ್ಗು ಸೈತ ಉಳಿದಿಲ್ಲ. ನೀವು ಎಷ್ಟು ಕೊಟ್ರೂ ನಾನು ಎಲ್ಲಿಂದ ತರ್ಲಿ?"

ಸಂಜೆ ಛತ್ರದ ಬಾಗಿಲಲ್ಲಿ ಆಟೋ ನಿಂತಾಗ ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ, ಕೈಯಲ್ಲಿ ಹಸಿ ಮೆಹಂದಿ. ಇಳಿದದ್ದು ಒಂದೇ ಚೀಲ. ಎರಡು ಹಾರ, ದಂಡೆ, ಅಮ್ಮನ ಮುಡಿಗೊಂದಿಷ್ಟು, ಅಷ್ಟೇ ಆಗುವಷ್ಟು ಹೂವು. ಮಾವ ಆಟೋದ ಹಿಂದಿನ ಬಾಗಿಲು ಹಾಕಲಿಲ್ಲ. ಇನ್ನೇನಾದರೂ ಇಳಿಸಲಿಕ್ಕಿದೆಯೇನೋ ಎಂಬಂತೆ ಒಳಗೆ ನೋಡುತ್ತ ನಿಂತರು. ಕೂಗಿ ಕರೆಯೋಣವೆಂದರೆ ಏನೆಂದು ಕರೆಯಲಿ?

ಬೋಳು ಮಂಟಪ ನೋಡಿ ನಮ್ಮ ಮಾವನವರು, ಅಂದರೆ ಗಂಡಿನ ತಂದೆ, ಕೂಡಲೇ ಶಿವಮೊಗ್ಗದ ಮಂಟಪ ಅಲಂಕಾರದವರಿಗೆ ಫೋನು ಹಚ್ಚಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಬೆಳಗಾಗುವಷ್ಟರಲ್ಲಿ ಮಂಟಪದ ತುಂಬ ಕೆಂಪು, ಬಿಳಿ ಬಟ್ಟೆ ಹೂವು. ಫೋಟೋದವನಿಗೆ ಬಹಳ ಹಿಡಿಸಿತು. ಸೋದರಮಾವ ಜೇಬಿನಿಂದ ದುಡ್ಡಿನ ಕಟ್ಟು ತೆಗೆದು ಬೀಗರ ಮುಂದೆ ಹಿಡಿದರು.

"ಹೂವಿನ ಖರ್ಚು ನಂದು ರೀ. ಅದು ಮೊದಲೇ ಆಗಿರೋ ಮಾತು."

"ಅಯ್ಯೋ, ಇಷ್ಟಕ್ಕೆಲ್ಲ ಯಾಕ್ರಿ ತಲೆ ಕೆಡಿಸ್ಕೊಂತೀರಿ? ನಾವು ನೋಡ್ಕೊಂಡ್ವಿ ಬಿಡ್ರಿ. ಊಟ ಮಾಡ್ರಿ ಹೋಗ್ರಿ."

ಅಷ್ಟು ಮರ್ಯಾದೆಯಿಂದ ಹೇಳಿದ ಮೇಲೆ ಯಾರು ತಾನೇ ಜಗಳವಾಡುತ್ತಾರೆ? ಸೋದರಮಾವ ನನ್ನ ಕೈ ಹಿಡಿದು ಮಂಟಪದ ಮೆಟ್ಟಿಲು ಹತ್ತಿಸಿದರು. ಕಾಲ ಕೆಳಗೆ ಬಾಡಿಗೆಯ ಜಮಖಾನ. ಕಿವಿಯ ಹತ್ತಿರ ಬಗ್ಗಿ, "ನಾನೇ ಮುಹೂರ್ತ ಮುಂದಕ್ಕೆ ಹಾಕ್ಸಿದ್ದಲ್ಲವೇನೇ" ಎಂದರು. ನನಗೆ ಅಳು ಬಂತು. ತವರು ಬಿಡುವ ಹುಡುಗಿ ಅಳುತ್ತಿದ್ದಾಳೆ ಎಂದು ಎಲ್ಲರೂ ಸಮಾಧಾನ ಮಾಡಿದರು. ಸ್ವಾಮಿಗಳು ಅಕ್ಷತೆಗೆ ಕೈ ಚಾಚಲು ಹೇಳಿದರು, ಚಾಚಿದೆ.

ಆಮೇಲೆ ಮಾವ ಹೊನ್ನಾಳಿಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನಿಂದ ಹೂವು ತರುತ್ತಿದ್ದರು. ಬಾಗಿಲಲ್ಲೇ ಕೊಟ್ಟು, "ಇದು ನಿನ್ನ ಮದುವೇದು" ಎನ್ನುತ್ತಿದ್ದರು. "ಸಾಕು ಬಿಡು ಮಾಮ, ತೀರ್ತು" ಎಂದರೆ, "ಎಲ್ಲಿ ತೀರ್ತು, ಇನ್ನಾ ಒಂದು ಕಂಬಾನೂ ಆಗಿಲ್ಲ" ಎಂದು ನಗುತ್ತಿದ್ದರು. ಆ ನಗು ನನ್ನಿಂದ ನೋಡಲಾಗುತ್ತಿರಲಿಲ್ಲ.

ಹೋದ ಧನುರ್ಮಾಸದಲ್ಲಿ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ನಾವು ತಲುಪುವ ಹೊತ್ತಿಗೆ ಮೈಗೆ ವಿಭೂತಿ ಬಳಿದು, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಸುತ್ತ ಸೇವಂತಿಗೆ, ಚೆಂಡು ಹೂವು. ಅವರನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ಕಂಬ ಕಾಣದಂತೆ ಹೂವು ಸುತ್ತಿದ್ದರು. ಇನ್ನೂ ನಾಲ್ಕಾರು ಚೀಲ ಅಂಗಳದಲ್ಲಿ ಹಾಗೇ ಇದ್ದವು. ಅಮ್ಮ ಅದನ್ನೆಲ್ಲ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಈ ಖರ್ಚಾದರೂ ನನ್ನದಾಗಲಿ ಎಂದು ಹೂವು ತಂದ ರೈತನ ಹತ್ತಿರ ಹೋಗಿ ಪರ್ಸು ತೆಗೆದೆ. ಆತ ಎರಡು ಹೆಜ್ಜೆ ಹಿಂದೆ ಸರಿದ.

"ರೊಕ್ಕ ಬ್ಯಾಡ ಬಿಡವ್ವ. ಈಗ ಮದುವೆ ಇಲ್ಲ, ಹಬ್ಬ ಇಲ್ಲ. ಹೂವಿಗೆ ರೇಟೇ ಇಲ್ಲ."